ಏಣಿ ಹತ್ತುವ ಕೋಟು

ಏಣಿ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ತೂಕದಣ್ಣ ಎಂದು. ಕೆಲಸಕ್ಕೆ ಸೇರಿದಾಗ ಅವನು ಸರಿಯಾಗಿ ನೂರು ಕಿಲೋ ಇದ್ದ. ಮಾಲೀಕರು ನೋಡಿದ ಅರ್ಹತೆಯೂ ಅದೊಂದೇ. ಪ್ರತಿ ಏಣಿಗೂ ‘ನೂರು ಕಿಲೋ ತಡೆಯುತ್ತದೆ’ ಎಂಬ ಚೀಟಿ ಅಂಟಬೇಕಿತ್ತು. ಅವನು ಮೇಲಿನ ಮೆಟ್ಟಿಲಲ್ಲಿ ನಿಂತು ಮೈ ಕುಲುಕಿಸಿ ಇಳಿದರೆ ಚೀಟಿ ಅಂಟುತ್ತಿತ್ತು. ಮಧ್ಯೆ ಕಿರ್ ಎಂದರೆ ಏಣಿ ಬೆಸುಗೆಯವನ ಹತ್ತಿರ ವಾಪಸ್ಸಾಗುತ್ತಿತ್ತು.

ಒಬ್ಬ ದೊಡ್ಡ ಗಿರಾಕಿ, ಗುಣಮಟ್ಟದ ಸರ್ಟಿಫಿಕೇಟ್ ಇಲ್ಲದೆ ಏಣಿ ಕೊಳ್ಳುವುದಿಲ್ಲ ಎಂದ. ಅದನ್ನು ಕೊಡಿಸಲು ಒಬ್ಬ ಮೇಡಂ ಬಂದರು.

“ಮಾಡೋದನ್ನ ಬರೀರಿ. ಬರೆದದ್ದನ್ನೇ ಮಾಡಿ. ತಪ್ಪಾದ್ರೆ ಬೈಯಬೇಡಿ, ಯಾಕಾಯ್ತು ಅಂತ ಹುಡುಕಿ,” ಎಂದರು. ಬೆಸುಗೆಯವನಿಗೆ ಮೂರನೆಯ ಮಾತು ಬಹಳ ಹಿಡಿಸಿತು.

ಅಳತೆಯ ಉಪಕರಣಗಳನ್ನೆಲ್ಲ ತಾಳೆ ನೋಡಿಸಿ ಸ್ಟಿಕರ್ ಹಚ್ಚಬೇಕಿತ್ತು. ಟೇಪಿಗೆ ಹಚ್ಚಿದರು, ತಕ್ಕಡಿಗೆ ಹಚ್ಚಿದರು. “ಏಣಿ ಮೇಲೆ ಭಾರ ಹಾಕೋ ಉಪಕರಣ ಎಲ್ಲಿ?” ಎಂದು ಮೇಡಂ ಕೇಳಿದಾಗ ಮಾಲೀಕರು, ಟೀ ಕುಡಿಯುತ್ತಿದ್ದ ತೂಕದಣ್ಣನನ್ನು ತೋರಿಸಿದರು.

ಮೇಡಂ ನಗಲಿಲ್ಲ. “ಹಾಗಾದ್ರೆ ಸೋಮವಾರ ಇವರನ್ನೂ ತೂಗೋಣ. ಕಮ್ಮಿ ಬಂದ್ರೆ ಮರಳು ಮೂಟೆ ಮಾಡಿಸಿ.”

ಮರಳು ಮೂಟೆ ರಜೆ ಕೇಳುವುದಿಲ್ಲ ಎಂಬ ವಿಚಾರ ಮಾಲೀಕರ ಮುಖದಲ್ಲಿ ಆಗಲೇ ಅರಳಿತ್ತು. ಮೂಟೆ ಒಳಗೆ ಬಂದರೆ ತಾನು ಹೊರಗೆ ಎಂದು ತೂಕದಣ್ಣನಿಗೆ ಹೊಳೆಯಿತು. ಸಕ್ಕರೆ ಕಾಯಿಲೆ ಬಂದಮೇಲೆ ಹೆಂಡತಿ ಅವನನ್ನು ನಡೆಸಿ ನಡೆಸಿ ತೊಂಬತ್ತರ ಕೆಳಗೆ ತಂದಿದ್ದಳು. ಅವನು ಹಳೆಯ ಗತ್ತಿನಲ್ಲೇ ಮೈ ಕುಲುಕಿಸುತ್ತಿದ್ದುದರಿಂದ ಕಾರ್ಖಾನೆಯಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ.

“ಸೋಮವಾರದೊಳಗೆ ನೂರಾಗ್ಬೇಕು ಕಣೇ. ಸಿಹಿ ಡಬ್ಬಿ ತೆಗಿ,” ಎಂದ ಮನೆಗೆ ಬಂದು.

“ತೆಗೀತೀನಿ ಇರಿ. ಎರಡು ವರ್ಷ ಬೆನ್ನು ಬಿದ್ದು ಇಳಿಸಿದೀನಿ, ನಾಲ್ಕು ದಿನದಲ್ಲಿ ತಿಂದು ಏರಿಸ್ತೀರಾ?”

“ಕೆಲಸ ಹೋಗತ್ತೆ.”

“ಕಾಲೂ ಹೋಗತ್ತೆ. ಕಾಲಿಲ್ದೆ ಏಣಿ ಹತ್ತೋರು ನಿಮ್ಮ ಮೇಡಂಗೆ ಆಗತ್ತಾ?”

ಆಮೇಲೆ ಅವಳೇ ಎದ್ದು ಟ್ರಂಕಿನಿಂದ ಅವನ ಮದುವೆಯ ಕೋಟು ತಂದಳು. ಈಗ ಅದರಲ್ಲಿ ಅವನಂಥವರು ಒಂದೂವರೆ ಜನ ಹಿಡಿಸುತ್ತಿದ್ದರು. “ಅವರಿಗೆ ಬೇಕಾದ್ದು ಕಿಲೋ ತಾನೆ? ಹೊಟ್ಟೇಲೇ ಇರ್ಬೇಕು ಅಂದ್ರಾ?” ಎನ್ನುತ್ತ ಕೋಟಿನ ಅಸ್ತರು ಬಿಚ್ಚಿ ಬೋಲ್ಟು, ನಟ್ಟು ತುಂಬಿ ಹೊಲಿದಳು.

ಸೋಮವಾರ ತಕ್ಕಡಿ ನೂರು ತೋರಿಸಿತು. “ಈ ಸೆಕೇಲಿ ಕೋಟು ಯಾಕೆ?” ಎಂದರು ಮೇಡಂ.

“ಅಭ್ಯಾಸ ಮೇಡಂ.”

“ದಿನಾ ಹಾಕ್ತೀರಾ?”

“ದಿನಾ.”

ಮಾಡುವುದನ್ನು ಬರೆಯಬೇಕಲ್ಲ, ಮೇಡಂ ಬರೆದರು: ‘ಪರೀಕ್ಷಕನು ಕೋಟು ಧರಿಸಿ ಏರತಕ್ಕದ್ದು.’ ಬರೆದದ್ದನ್ನು ಮಾಡಬೇಕಲ್ಲ, ತೂಕದಣ್ಣ ಮಾಡಿದ. ದಿನವಿಡೀ ಅಷ್ಟು ಕಬ್ಬಿಣ ಹೊತ್ತು ಹತ್ತಿ ಇಳಿದು ಇನ್ನಷ್ಟು ಕರಗಿದ. ಪ್ರತಿ ತಿಂಗಳ ತೂಕಕ್ಕೆ ಮುಂಚೆ ಹೆಂಡತಿ ನಟ್ಟು ಸೇರಿಸುತ್ತ ಹೋದಳು. ಕೋಟು ಊದಿತು, ಮನುಷ್ಯ ಸೊರಗಿದ, ಮೊತ್ತ ನೂರೇ ಉಳಿಯಿತು. “ಸಕ್ಕರೆ ಹತೋಟಿಗೆ ಬಂದಿದೆ, ಏನು ವ್ಯಾಯಾಮ ಮಾಡ್ತೀರಿ?” ಎಂದು ಡಾಕ್ಟರು ಕೇಳಿದರೆ, “ಗುಣಮಟ್ಟ” ಎಂದ. ನ್ಯಾಯವಾಗಿ ಹೇಳಬೇಕೆಂದರೆ, ಏಣಿಗಳ ಮೇಲೆ ನಿಜವಾದ ನೂರು ಕಿಲೋ ಮತ್ತೆ ಬಿದ್ದದ್ದು ಈ ಮೋಸ ಶುರುವಾದ ಮೇಲೆಯೇ.

ಕೊನೆಗೆ ಸರ್ಟಿಫಿಕೇಟ್ ಕೊಡುವ ಆಡಿಟರ್ ಬಂದರು. ಕುರ್ಚಿಯ ಮೇಲಿದ್ದ ಕೋಟನ್ನು ಪಕ್ಕಕ್ಕಿಡಲು ಹೋದರೆ ಒಂದು ಕೈಯಲ್ಲಿ ಏಳಲಿಲ್ಲ. ತೂಕದಣ್ಣ ಟೀ ಲೋಟ ಕೆಳಗಿಟ್ಟ. ಮಾಲೀಕರು ಗೋಡೆಯ ಕಡೆ ನೋಡಿದರು.

ಆಡಿಟರ್ ಕೋಟನ್ನು ತಡವಿದರು, ತೂಗಿಸಿದರು, ಫೈಲು ತಿರುವಿದರು. “ಇದೂ ಉಪಕರಣವೇ. ಇದಕ್ಕೆ ನಂಬರ್ ಎಲ್ಲಿದೆ? ಬೀಗ ಹಾಕಿಡೋ ಜಾಗ ಎಲ್ಲಿದೆ?”

ಇಡೀ ಕಾರ್ಖಾನೆಯಲ್ಲಿ ಅವರು ಕಂಡ ತಪ್ಪು ಅದೊಂದೇ. ಕೋಟಿಗೆ ನಂಬರು, ಸ್ಟಿಕರ್, ಬೀರು ಎಲ್ಲ ಆಯಿತು. ಮನುಷ್ಯ ಮತ್ತು ಕೋಟು ಕೂಡಿ ಒಂದು ಉಪಕರಣ ಎಂದು ಬರವಣಿಗೆಯಲ್ಲಿ ಸೇರಿದ್ದರಿಂದ ಮಾಲೀಕರು ಮರಳು ಮೂಟೆಯ ಆಸೆ ಬಿಟ್ಟರು.

ಅಕ್ಕನ ಮಗಳ ಮದುವೆ ಬಂತು. ಕೋಟು ಕೇಳಿದರೆ ಮಾಲೀಕರು, “ಉಪಕರಣ ಗೇಟು ದಾಟೋ ಹಾಗಿಲ್ಲಪ್ಪ, ಬರೆದಿದೆ,” ಎಂದರು. ತೂಕದಣ್ಣ ಬರೀ ಅಂಗಿಯಲ್ಲಿ ಹೋದ.

ಅಕ್ಕ ಅವನ ತೋಳು ಹಿಡಿದು ನೋಡಿದಳು. “ಏನೋ ಇದು, ಮೈಯೆಲ್ಲ ಎಲ್ಲಿ ಹೋಯ್ತೋ?”

“ಎಲ್ಲೂ ಹೋಗಿಲ್ಲ ಅಕ್ಕ, ಫ್ಯಾಕ್ಟ್ರಿ ಬೀರುವಿನಲ್ಲಿದೆ,” ಎಂದ. “ಕೆಲಸಕ್ಕೆ ಹೋದಾಗ ಕೊಡ್ತಾರೆ.”