ಗೋಡೆಯಿಂದ ತೊಳೆದುಹೋದ ಅಳಿಯ

ನಾನು ನಿಂತಿದ್ದು ಕೂಡ್ಲಿಗಿಯ ನಮ್ಮ ಅತ್ತೆ ಮನೆಯ ಅಂಗಳದಲ್ಲಿ. ತಲೆಬಾಗಿಲಿನಿಂದ ಏಳು ಹೆಜ್ಜೆ ಈಚೆ, ನೀರಿನ ಡ್ರಮ್ಮಿನ ಎಡಕ್ಕೆ. ಗುರುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. (ನಾಲ್ಕಕ್ಕೆ ಬೀಗರು ಬರುವವರಿದ್ದರು, ಹಾಗಾಗಿ ಮೊಬೈಲಿನಲ್ಲಿ ಆಗಾಗ ಟೈಮ್ ನೋಡುತ್ತಿದ್ದೆ.) ನನಗೂ ಗೋಡೆಗೂ ನಡುವೆ ಒಂದು ಡರ್ಟ್ ಬೈಕ್, ನೀರು ಚಿಮ್ಮಿಸಿ ತೊಳೆಯುವ ಒಂದು ಪ್ರೆಶರ್ ವಾಷರ್, ಹೆಂಡತಿಯ ಕೊನೆಯ ತಮ್ಮ ಓಬಳೇಶ ಮತ್ತು ಒಂದು ಕಂದು ಕೋಳಿ.

ಕಂಡದ್ದನ್ನಷ್ಟೇ ಹೇಳುತ್ತೇನೆ. ಓಬಳೇಶ ವಾಷರ್ ಗನ್ನಿನ ಕುದುರೆ ಒತ್ತಿದ. ಮೂರು ಸೆಕೆಂಡ್ ಕಳೆಯಿತು. ನಮ್ಮ ಮನೆಯ ಅಳಿಯನಾಗಬೇಕಿದ್ದವನು ಗೋಡೆಯ ಮೇಲಿಂದ ಮಾಯವಾದ.

ನಮ್ಮ ಕಡೆ ಮದುವೆ ಗೊತ್ತಾದರೆ ಮೊದಲು ಸಿಂಗಾರವಾಗುವುದು ಗೋಡೆ. ಸುಣ್ಣ ಬಳಿದು, ಬಾಗಿಲಿನ ಬಲಕ್ಕೆ ವರನ ಹೆಸರು, ಎಡಕ್ಕೆ ವಧುವಿನ ಹೆಸರು, ಮೇಲೆ ಎರಡು ಗಿಳಿ ಬರೆಸುತ್ತಾರೆ. ಬೀಗರು ಬಂದರೆ ಚಪ್ಪಲಿ ಬಿಡುವ ಮೊದಲು ಅಲ್ಲೇ ನಿಂತು ಓದುತ್ತಾರೆ. ಹೆಂಡತಿಯ ತಂಗಿ ಸುನಿತಾಳ ಮದುವೆ ಅದೇ ಭಾನುವಾರ. ಬಣ್ಣ ಹಚ್ಚಿ ಎರಡು ದಿನವಷ್ಟೇ ಆಗಿತ್ತು.

ಇಷ್ಟಕ್ಕೂ ಆ ಮಷೀನ್ ಅಲ್ಲಿಗೆ ಬಂದಿದ್ದು ಹೇಗೆ?

ಓಬಳೇಶನದು ಸೆಕೆಂಡ್ ಹ್ಯಾಂಡ್ ಡರ್ಟ್ ಬೈಕ್. ಗುಡ್ಡ, ಹಳ್ಳ ಬಿಟ್ಟು ಬೇರೆಡೆ ಓಡಿಸುವುದಿಲ್ಲ. ಕೆಳಗೆ ಕೂಡ್ಲಿಗಿಯ ಕೆಂಪು ಮಣ್ಣು, ಮೇಲೆ ಕೊಟ್ಟೂರಿನ ಎರೆ ಮಣ್ಣು, ಹೀಗೆ ಪದರ ಪದರವಾಗಿ ಕಟ್ಟಿರುತ್ತದೆ. ಅತ್ತೆ ಅದನ್ನು ಎಮ್ಮೆ ಎಂದೇ ಕರೆಯುತ್ತಾರೆ. ಬುಧವಾರ ಅವರು ಖಡಕ್ಕಾಗಿ ಹೇಳಿದ್ದರು: "ಲೇ ಓಬ್ಯಾ, ಬೀಗರು ಬರೋದ್ರೊಳಗ ಈ ಎಮ್ಮಿ ಮೈ ತೊಳಿ. ಇಲ್ಲಂದ್ರ ಗುಜರಿಗೆ ಹೊಡಿತೀನಿ."

ಗುರುವಾರ ಬೆಳಿಗ್ಗೆ ನಾನೂ ಓಬಳೇಶನೂ ವಾಷರ್ ಕೊಳ್ಳಲು ಅಂಗಡಿಗೆ ಹೋದೆವು. ಅಂಗಡಿಯವರು ಮೂರು ಮಷೀನ್ ತೋರಿಸಿದರು. "ಮನ್ಯಾಗ ಬೈಕ್ ತೊಳಿಯಾಕ ಸಣ್ಣದ ಸಾಕ್ರಿ. ನೂರು ಬಾರ್ ಪ್ರೆಶರ್ ಐತಿ. ನೀರು ಬೀಸಣಿಕೆ ಹಂಗ ಅಗಲ ಬರೋ ನಾಜಲ್ ಹಾಕ್ರಿ, ಒಂದು ಮೊಳ ದೂರ ಹಿಡೀರಿ. ಬೇರಿಂಗು, ಚೈನಿನ ಹತ್ರ ಹಿಡೀಬ್ಯಾಡ್ರಿ, ಗ್ರೀಸು ಕಿತ್ತುಬರ್ತೈತಿ."

ಇಷ್ಟು ಸ್ಪಷ್ಟವಾಗಿ ಯಾರು ಹೇಳುತ್ತಾರೆ? ಆದರೆ ಓಬಳೇಶ ನಾಜಲ್ಲಿನ ತೂತು ನೋಡಿದ. ಸೂಜಿ ಮೊನೆಯಷ್ಟಿತ್ತು.

"ಎಷ್ಟು ಇಂಚು ನೀರು ಬೀಳ್ತೈತ್ರಿ ಇದು?"

"ಅಣ್ಣಾರ, ಇದೇನು ಬೋರ್ ಏನ್ರಿ? ಇದರಾಗ ನೀರು ಕಮ್ಮಿ, ಹೊಡೆತ ಜಾಸ್ತಿ."

ಓಬಳೇಶನ ಮುಖ ಸಪ್ಪಗಾಯಿತು. ಅವನದೂ ತಪ್ಪಿಲ್ಲ. ಬೋರ್‌ವೆಲ್ ಕೊರೆಸಿದ ದಿನ ಒಂದಿಂಚೋ ಎರಡಿಂಚೋ ಎಂದು ಉಸಿರು ಬಿಗಿಹಿಡಿದು ನಿಂತ ಜನ ನಾವು. ಪೈಪಿನ ತುಂಬ ನೀರು ಬಂದರೆ ಒಳ್ಳೆಯ ಮೋಟಾರು, ಸಣ್ಣಗೆ ಬಂದರೆ ಕೆಟ್ಟ ಮೋಟಾರು. ಸೂಜಿ ತೂತನ್ನು ನಂಬುವುದು ಹೇಗೆ? ಅದಕ್ಕೇ ಅವನು ಮೂಲೆಯಲ್ಲಿದ್ದ ಇನ್ನೂರು ಬಾರಿನ, ಸರ್ವಿಸ್ ಸ್ಟೇಷನ್ನಿನವರು ಒಯ್ಯುವ ದೊಡ್ಡದಕ್ಕೆ ಕೈ ತೋರಿಸಿದ. ಜೊತೆಗೆ ನೀರನ್ನು ಒಂದೇ ಗೆರೆಯಾಗಿ ಹೊಡೆಯುವ ನಾಜಲ್.

ಸಾಕ್ಷಿ ಹೇಳುವವನು ಏನನ್ನೂ ಮುಚ್ಚಿಡಬಾರದು. ಆಗ ಪಕ್ಕದಲ್ಲಿ ನಿಂತು "ತಗೊಳೋದು ತಗೊಂತಿ, ದೊಡ್ಡದ ತಗೋ" ಎಂದವನು ನಾನೇ.

ಮುಂದಿನದು ಎರಡು ಗಂಟೆ ಹತ್ತು ನಿಮಿಷದ್ದು. ಕುದುರೆ ಒತ್ತಿದ ತಕ್ಷಣ ಗನ್ ಹಿಂದಕ್ಕೆ ಒದೆಯಿತು, ಓಬಳೇಶನ ಕೈ ಮೇಲೆದ್ದಿತು. ನೀರು ಬೈಕನ್ನು ದಾಟಿ ಗೋಡೆಗೆ ಬಡಿಯಿತು. ಸುಣ್ಣ, ಬಣ್ಣ, 'ಚಿ. ಅಂಜಿನಪ್ಪ' ಎಲ್ಲವೂ ಹಾಲಿನಂತೆ ಹರಿದು ಬಂದು ನನ್ನ ಚಪ್ಪಲಿ ಸೇರಿದವು. ಬೈಕಿನ ಒಂದು ಹೆಂಟೆ ಮಣ್ಣೂ ಅಲುಗಲಿಲ್ಲ.

ಅತ್ತೆ ಹೊರಗೆ ಬಂದರು. ಗೋಡೆ ನೋಡಿದರು. "ಅಯ್ಯೋ ಮುಂಡೇದೇ, ಎಮ್ಮಿ ತೊಳಿ ಅಂದ್ರ ಅಳಿಯನ್ನ ತೊಳದ್ಯಲ್ಲೋ! ಬೀಗರು ನೋಡಿದ್ರ ಅಪಶಕುನ ಅಂತ ಎದ್ದು ಹೋಗ್ತಾರ. ನನ್ನ ಮಗಳ ಗತಿ ಏನು?" ಅವರ ಕಣ್ಣಲ್ಲಿ ನೀರಿತ್ತು. ತಮಾಷೆ ಅಲ್ಲಿಗೆ ಮುಗಿಯಿತು.

ಪೇಂಟರಿಗೆ ಫೋನ್ ಮಾಡಿದೆವು. ಅವನು ಹಡಗಲಿಯಲ್ಲಿ ಇನ್ನೊಬ್ಬ ಅಳಿಯನನ್ನು ಬರೆಯುತ್ತಿದ್ದ. ನಾಳೆ ಬೆಳಿಗ್ಗೆ ಬರುತ್ತೇನೆಂದ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ಅಳೆದರು.

"ನೀವು ಆ ಹೆಸರು ಹೋದ ಜಾಗಕ್ಕ ಒರಗಿ ನಿಂದರ್ರಿ. ಅವರು ಹೋಗೋತನ ಸರಕಬ್ಯಾಡ್ರಿ."

ನನ್ನ ಬೆನ್ನು ಅಂಜಿನಪ್ಪನ ಹೆಸರಿನಷ್ಟೇ ಅಗಲವಿದೆ ಎಂಬುದು ಅಂದೇ ತಿಳಿದದ್ದು.

ನಾಲ್ಕು ಗಂಟೆ ಐದು ನಿಮಿಷಕ್ಕೆ ಹರಪನಹಳ್ಳಿಯಿಂದ ಬೀಗರು ಬಂದರು. ವರ ಅಂಜಿನಪ್ಪ ಮತ್ತು ಅವನ ದೊಡ್ಡಪ್ಪ, ಇಬ್ಬರೇ. ಅಂಗಳದಲ್ಲಿ ಕುರ್ಚಿ ಹಾಕಿ ಚಹಾ ಕೊಟ್ಟರು. ನಾನು ನಿಂತೇ ಕುಡಿದೆ.

"ಕುತ್ಕಳ್ರಿ ಅಣ್ಣ, ಎಷ್ಟೊತ್ತು ನಿಂತಿರ್ತೀರಿ?" ಎಂದ ಅಂಜಿನಪ್ಪ.

"ಸೊಂಟ ಹಿಡದೈತಪ್ಪ. ನಿಂತ್ರ ಆರಾಮ." ಹಸಿ ಸುಣ್ಣ ಶರ್ಟು ದಾಟಿ ಬೆನ್ನಿಗೆ ಚುರುಚುರು ಎನ್ನುತ್ತಿತ್ತು.

ಅಷ್ಟರಲ್ಲಿ ಅವನ ಕಣ್ಣು ಮಷೀನಿನ ಮೇಲೆ ಬಿತ್ತು. ಚಹಾ ಲೋಟ ಕೆಳಗಿಟ್ಟ. "ಅಯ್ಯ, ಟ್ರ್ಯಾಕ್ಟರ್ ತೊಳಿಯಾಕೆ ಇಂಥದ್ನೇ ಹುಡುಕ್ತಿದ್ದೆ ಕಣಪ್ಪ. ಕರೆಂಟ್ ಐತಾ?"

"ಬ್ಯಾಡ ಮಾವ, ಅದು ಒದಿತೈತಿ" ಎಂದು ಓಬಳೇಶ ಅಡ್ಡ ಬಂದ.

"ಬೋರಿಗೆ ಮೋಟ್ರು ಇಳಿಸಿದ ಕೈ ಕಣೋ ಇವು."

ಒತ್ತಿದ. ಒದೆಯಿತು. ಈ ಬಾರಿ ನಾಲ್ಕು ಸೆಕೆಂಡ್. ಬಾಗಿಲಿನ ಎಡಕ್ಕೆ ನಮ್ಮ ಸುನಿತಾ ಹರಿದು ಹೋದಳು.

ಅಂಜಿನಪ್ಪನ ಮುಖ ನೋಡಿದೆ. ಎರಡು ಗಂಟೆ ಹತ್ತು ನಿಮಿಷಕ್ಕೆ ಓಬಳೇಶನ ಮುಖವೂ ಹಾಗೆಯೇ ಇತ್ತು. "ಅತ್ತೆ, ತಪ್ಪಾತು..." ಎಂದು ಅಂಜಿನಪ್ಪ ತೊದಲುತ್ತಿದ್ದಾಗ ನಾನು ಮೆಲ್ಲಗೆ ಗೋಡೆಯಿಂದ ಎರಡು ಹೆಜ್ಜೆ ಸರಿದು ನಿಂತೆ.

ಅಂಜಿನಪ್ಪ ಬಲಗಡೆಯ ಗೋಡೆ ನೋಡಿದ. ನನ್ನ ಬೆನ್ನು ನೋಡಿದ. ಓಬಳೇಶನನ್ನು ನೋಡಿದ.

ಮೊದಲು ನಕ್ಕವಳು ಬಾಗಿಲ ಮರೆಯಲ್ಲಿದ್ದ ಸುನಿತಾ. "ಆತು ಬಿಡವ್ವ. ಇಬ್ರದೂ ಹೋತು, ಗಿಳಿ ಅದಾವಲ್ಲ! ನಾಳಿ ಇಬ್ರನ್ನೂ ಕೂಡೇ ಬರಸು."

ಅತ್ತೆ ದೊಡ್ಡಪ್ಪನ ಕಡೆ ನೋಡಿದರು. ಅಪಶಕುನ ಎನ್ನುವುದಾದರೆ ಅವರೇ ಎನ್ನಬೇಕಿತ್ತು. ಅವರು ನಿಧಾನವಾಗಿ ಎದ್ದು, ಮಷೀನಿನ ಸುತ್ತ ಒಂದು ಸುತ್ತು ಬಂದು, ನಾಜಲ್ಲಿಗೆ ಕಣ್ಣು ಹಚ್ಚಿ ಕೇಳಿದರು:

"ಎಷ್ಟು ಇಂಚು ನೀರು ಬೀಳ್ತದೆ ಇದು?"

ಮದುವೆ ಭಾನುವಾರವೇ ಆಯಿತು. ದೊಡ್ಡ ಮಷೀನ್ ಟ್ರ್ಯಾಕ್ಟರ್ ತೊಳೆಯಲು ಹರಪನಹಳ್ಳಿಗೆ ಹೋಯಿತು. ಓಬಳೇಶ ಸಣ್ಣದನ್ನೇ ತಂದಿದ್ದಾನೆ. ಅದು ಬೈಕನ್ನು ಚೆನ್ನಾಗಿ ತೊಳೆಯುತ್ತದೆ. ಇಷ್ಟೆಲ್ಲ ಆಗುವ ಮೊದಲೇ ನಾವು ಅಂಗಡಿಯವರ ಮಾತು ಯಾಕೆ ಕೇಳುವುದಿಲ್ಲ?

ಎರಡೂ ಸಲ ಕಣ್ಣಾರೆ ಕಂಡವರು ಮೂವರು: ನಾನು, ಓಬಳೇಶ, ಆ ಕಂದು ಕೋಳಿ. ನಾವಿಬ್ಬರೂ ಬದುಕಿದ್ದೇವೆ; ಕೋಳಿ ಮಾತ್ರ ಮದುವೆಯ ಮರುದಿನ ಬೀಗರ ಊಟಕ್ಕೆ ಹೋದದ್ದು ಮರಳಲಿಲ್ಲ.