ನನ್ನ ಶ್ರುತಿಯಲ್ಲಿ ಹಾಡಿದ ಹುಡುಗಿ

ಹನ್ನೆರಡು ಹೆಸರುಗಳ ಒಂದು ಪಟ್ಟಿ. ಅದರಲ್ಲಿ ನಮಗೆ ಬೇಕಾದ ಹೆಸರಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಲು ಎಷ್ಟು ಸಲ ಓದಬೇಕು?

ನಾನು ನಾಲ್ಕು ಸಲ ಓದಿದೆ. ಎರಡು ಸಲ ಮೇಲಿನಿಂದ ಕೆಳಕ್ಕೆ. ಒಂದು ಸಲ ಕೆಳಗಿನಿಂದ ಮೇಲಕ್ಕೆ. ನಾಲ್ಕನೆಯ ಸಲ ಕನ್ನಡಕ ಒರೆಸಿಕೊಂಡು. ಮೊಬೈಲಿನ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿದರೆ ಅಕ್ಷರಗಳು ದೊಡ್ಡವಾಗುತ್ತವೆ. ಇಲ್ಲದ ಹೆಸರು ಮೂಡುವುದಿಲ್ಲ.

ಆ ಫೋಟೊ ಕಳುಹಿಸಿದವಳು ರಂಜಿತಾ. ಪಟ್ಟಿಯಲ್ಲಿ ಇರಬೇಕಾಗಿದ್ದದ್ದು ಅವಳದೇ ಹೆಸರು. ಫೋಟೊದ ಕೆಳಗೆ ಒಂದಕ್ಷರವನ್ನೂ ಬರೆದಿರಲಿಲ್ಲ.

ಈ ಅಂಕಣವನ್ನು ವಾರವಾರವೂ ಓದುವ ನಿಮಗೆ ಯಡಿಯೂರಿನ ನನ್ನ ಮನೆಯ ಮುಂಗೋಣೆ ಹೊಸದಲ್ಲ. ಮೂವತ್ತೆಂಟು ವರ್ಷಗಳಿಂದ ಅಲ್ಲಿ ಚಾಪೆ ಹಾಸಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದೇನೆ. ರಂಜಿತಾ ಆ ಚಾಪೆಯ ಮೇಲೆ ಒಂಬತ್ತು ವರ್ಷ ಕುಳಿತವಳು. ಜರಗನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ತಾತನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರದೇ ಬಾಡಿಗೆ ಮನೆಗಳಿವೆ. ತಂದೆ ಮುನಿರಾಜು ಅವರಿಗೆ ಕನಕಪುರ ರಸ್ತೆಯಲ್ಲಿ ಪ್ಲೈವುಡ್ ಅಂಗಡಿ. ಆ ಮನೆತನದಲ್ಲಿ ಗುರುಮುಖೇನ ಸಂಗೀತ ಕಲಿತವಳು ಇವಳೇ ಮೊದಲು.

ಪಿಯುಸಿ ಮುಗಿಯುತ್ತಿದ್ದಂತೆ, ಡಿಗ್ರಿಯಲ್ಲಿ ಸಂಗೀತವನ್ನೇ ಓದುತ್ತೇನೆಂದು ಹಟ ಹಿಡಿದಳು. ಮುನಿರಾಜು ಬೈಯಲಿಲ್ಲ. ಮಗಳನ್ನು ಕರೆದುಕೊಂಡು ಬಂದು, ನನ್ನೆದುರಿಗೇ ಒಂದು ಷರತ್ತು ಹಾಕಿದರು.

"ನಂಗೆ ಸಂಗೀತ ಗೊತ್ತಿಲ್ಲ ಮೇಡಂ. ಗೊತ್ತಿರೋರು ಕೂತು ಕೇಳ್ಲಿ. ಸರಿ ಇದಾಳೆ ಅಂತ ಸೀಟ್ ಕೊಟ್ರೆ ಓದ್ಲಿ, ನಾನು ಅಡ್ಡ ಬರಲ್ಲ. ಇಲ್ಲಾಂದ್ರೆ ಬಿ.ಕಾಂ. ಆಮೇಲೆ ಅಳಂಗಿಲ್ಲ."

ಮಗಳು ತಲೆಯಾಡಿಸಿದಳು. ನಾನೂ ಆಡಿಸಿದೆ. ನನ್ನ ತಲೆಯಾಟದಲ್ಲಿ ತುಸು ಗರ್ವವಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಶಿಷ್ಯೆಯನ್ನು ಬೇಡವೆನ್ನುವವರು ಯಾರು?

ಆಡಿಷನ್ ಕೇಳಿದ ಕಾಲೇಜಿನವರು ಬೇಡವೆಂದರು.

ಮರುದಿನ ಸಂಜೆ ರಂಜಿತಾ ಬಂದು ಎಂದಿನ ಜಾಗದಲ್ಲಿ ಕುಳಿತಳು. ನಾನು ದೇವರ ಮನೆಯಿಂದ ಕುಂಕುಮ ತಂದು ಅವಳ ಹಣೆಗೆ ಹಚ್ಚಿ ಉಪದೇಶಕ್ಕೆ ತೊಡಗಿದೆ. ಪ್ರಯತ್ನ ನಮ್ಮದು, ಫಲ ಭಗವಂತನದು ಎಂದೆ. ಶಾರದೆ ಪರೀಕ್ಷಿಸುವುದು ತನಗೆ ಬೇಕಾದವರನ್ನೇ ಎಂದೆ. (ಸೋತವರ ಎದುರಿಗೆ ಹಿರಿಯರ ನಾಲಿಗೆ ಎಷ್ಟು ಸರಾಗವಾಗಿ ಓಡುತ್ತದೆ!) ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಮಿಸ್, ನಾನು ಚೆನ್ನಾಗಿ ಹಾಡ್ತೀನಾ? ನಿಜ ಹೇಳಿ."

"ಚೆನ್ನಾಗೇ ಹಾಡ್ತೀಯ ಕಣಮ್ಮ. ಅದರಲ್ಲಿ ಅನುಮಾನವೇ?"

"ಹಂಗಾದ್ರೆ ಅವ್ರಿಗೆ ಯಾಕೆ ಕೇಳಿಸ್ಲಿಲ್ಲ?"

ಉತ್ತರವಿಲ್ಲದಾಗ ನಾವು ಮಾಡುವುದೇನು? ಇನ್ನೊಬ್ಬರನ್ನು ದೂರುತ್ತೇವೆ. ಆ ಕೆಲಸಕ್ಕೆ ಪಕ್ಕದ ಮನೆಯ ನಾಗರತ್ನ ಒದಗಿ ಬಂದರು. ಹೂವು ಕೊಡಲು ಬಂದವರು ವಿಷಯ ಕೇಳಿ ಬಾಗಿಲಲ್ಲೇ ತೀರ್ಪು ಕೊಟ್ಟರು: "ಅಯ್ಯೋ, ಈಗೆಲ್ಲಾ ಇನ್‌ಫ್ಲುಯೆನ್ಸ್ ಮೇಡಂ! ಲಿಸ್ಟ್ ಮೊದ್ಲೇ ರೆಡಿ ಇರತ್ತೆ. ಆಡಿಷನ್ ಅನ್ನೋದು ಬರೀ ಶೋ."

ಹಾಗೆನ್ನಬಾರದು ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಹೂಂಗುಟ್ಟಿದೆ. ಎಂದೂ ಕಾಣದ ಹನ್ನೆರಡು ಮಕ್ಕಳ ಸಾಧನೆಯನ್ನು, ಕೈಯಲ್ಲಿ ಮಲ್ಲಿಗೆ ಹಿಡಿದು, ಒಂದೇ ಹೂಂಕಾರದಲ್ಲಿ ಅಳಿಸಿಹಾಕಿದೆ.

ಪಟ್ಟಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಆಯ್ಕೆಯಾಗದವರ ಕಡೆಯವರು ಕಾಲೇಜಿಗೆ ಬಂದು ಕಾರಣ ಕೇಳಬಹುದು ಎಂದು. ರಂಜಿತಾ ಒಲ್ಲೆನೆಂದಳು. ಮುನಿರಾಜು ಬಿಡಲಿಲ್ಲ. "ನೋಡೇ ಬಿಡೋಣ ಬನ್ನಿ ಮೇಡಂ, ಏನು ಕಮ್ಮಿ ಆಯ್ತಂತೆ ಕೇಳೋಣ" ಎಂದು ತಾವೇ ಕಾರು ತಂದರು. ನಾನು ರೇಷ್ಮೆ ಸೀರೆಯುಟ್ಟು ಹೊರಟೆ. ವಾದಕ್ಕೆ ಹೊರಟವಳ ಸಿದ್ಧತೆ ಅದು.

ನಮ್ಮನ್ನು ಕೂರಿಸಿ ಮಾತನಾಡಿದವರು ಆಯ್ಕೆ ಸಮಿತಿಯಲ್ಲಿದ್ದ ಅಧ್ಯಾಪಕಿ. ವಯಸ್ಸು ನಲವತ್ತು ಮೀರಿರಲಾರದು. ಮೊದಲು ನನಗೆ ನಮಸ್ಕರಿಸಿದರು. ಆಮೇಲೆ ಒಂದು ಹಾಳೆ ತೆಗೆದರು.

"ಪಾಠ ಬಹಳ ಶುದ್ಧವಾಗಿದೆ ಅಮ್ಮಾ. ತಾಳ ಗಟ್ಟಿ. ನಾವೆಲ್ಲ ಬರ್ಕೊಂಡಿದ್ದೀವಿ. ಆದ್ರೆ ಧ್ವನಿ ಹೊರಗೇ ಬರಲಿಲ್ಲ. ಕೆಳಗಿನ ಸ್ವರಗಳು ಬರೀ ಉಸಿರು. ಅವಳದು ಐದೂವರೆ ಮನೆ ಧ್ವನಿ ಅಲ್ವಾ? ನಾಲ್ಕರಲ್ಲಿ ಯಾಕೆ ಹಾಡಿಸ್ತಿದ್ದೀರಿ?"

ಸಂಗೀತದ ಪರಿಚಯವಿಲ್ಲದ ಓದುಗರಿಗಾಗಿ ಇಲ್ಲಿ ಎರಡು ಮಾತು. ಶ್ರುತಿಯೆಂದರೆ ಹಾಡುವವರು ನಿಲ್ಲುವ ನೆಲ. ಅದು ಎಷ್ಟು ಎತ್ತರದಲ್ಲಿರಬೇಕೆಂಬುದು ಒಬ್ಬೊಬ್ಬರ ಕಂಠಕ್ಕೆ ಒಂದೊಂದು. ಆ ಎತ್ತರವನ್ನು ನಾವು ಮನೆಗಳ ಲೆಕ್ಕದಲ್ಲಿ ಹೇಳುತ್ತೇವೆ. ಐದೂವರೆ ಎಂದರೆ ಎತ್ತರ, ನಾಲ್ಕು ಎಂದರೆ ತಗ್ಗು. ಎತ್ತರದ ಕಂಠವನ್ನು ತಗ್ಗಿನಲ್ಲಿ ನಿಲ್ಲಿಸಿದರೆ ಸ್ವರ ತಪ್ಪಾಗುವುದಿಲ್ಲ. ಕಾಂತಿ ಹೋಗುತ್ತದೆ, ಅಷ್ಟೇ.

ಅಷ್ಟೇ?

ಅಧ್ಯಾಪಕಿ ಮುಂದುವರಿಸಿದರು. "ನಮಗೇ ಮನಸ್ಸು ತಡೀಲಿಲ್ಲ ಅಮ್ಮಾ. ಶ್ರುತಿ ಏರಿಸ್ತೀವಿ, ಇನ್ನೊಂದ್ಸಲ ಹಾಡು ಅಂದ್ವಿ. ಒಪ್ಪಲಿಲ್ಲ. 'ನಮ್ಮ ಮಿಸ್‌ನ ಕೇಳ್ಬೇಕು' ಅಂದ್ಳು."

ಮುನಿರಾಜು ನನ್ನ ಮುಖ ನೋಡಿದರು. ಸಂಗೀತ ಗೊತ್ತಿಲ್ಲದ ಆ ಮನುಷ್ಯನಿಗೆ ಅಷ್ಟು ಹೊತ್ತಿಗೆ ಎಲ್ಲವೂ ಗೊತ್ತಾಗಿತ್ತು.

ನಡೆದದ್ದನ್ನು ಈಗ ನಿಮ್ಮ ಮುಂದೆ ಇಡುತ್ತೇನೆ. ಹರೆಯದಲ್ಲಿ ನನ್ನ ಶ್ರುತಿ ಐದು. ಅರವತ್ತು ದಾಟುವ ಹೊತ್ತಿಗೆ ಕಂಠ ಇಳಿಯಿತು. ವಯಸ್ಸಾದವರಿಗೆಲ್ಲ ಆಗುವುದೇ. ಆದರೆ ನಾನು ಯಾರಿಗೂ ಹೇಳಲಿಲ್ಲ. ಒಂದು ವಿಜಯದಶಮಿಯ ಪಾಠದಲ್ಲಿ ಶ್ರುತಿ ಪೆಟ್ಟಿಗೆಯನ್ನು ಮೆಲ್ಲನೆ ನಾಲ್ಕಕ್ಕೆ ಇಳಿಸಿಕೊಂಡೆ. ಚಾಪೆಯ ಮೇಲಿದ್ದ ಮಕ್ಕಳೆಲ್ಲರೂ ನನ್ನೊಂದಿಗೆ ಇಳಿದರು. ಗುರುವಿನ ಶ್ರುತಿಯೇ ಶಿಷ್ಯರ ಶ್ರುತಿ. ಆ ಪೆಟ್ಟಿಗೆಯನ್ನು ನಾನಲ್ಲದೆ ಇನ್ನಾರೂ ಮುಟ್ಟಬಾರದು. ಇದು ನಮ್ಮ ಮನೆಯ ಪದ್ಧತಿ. ಯಾರೂ ಪ್ರಶ್ನಿಸಲಿಲ್ಲ.

ಇಲ್ಲ, ಸುಳ್ಳು. ಒಬ್ಬಳು ಪ್ರಶ್ನಿಸಿದ್ದಳು.

ಎರಡು ವರ್ಷಗಳ ಹಿಂದೆ, ಪಾಠದ ನಡುವೆ, ರಂಜಿತಾ ಕೈಯೆತ್ತಿ, "ಮಿಸ್, ಶ್ರುತಿ ಸ್ವಲ್ಪ ಜಾಸ್ತಿ ಮಾಡ್ಲಾ? ಕೆಳಗಡೆ ಸಿಗ್ತಿಲ್ಲ" ಎಂದಿದ್ದಳು. ನಾನು ಏನೆಂದೆ ಗೊತ್ತೇ? "ಜಾಸ್ತಿ ಮಾಡೋಕೆ ಇದೇನು ಫ್ಯಾನಾ? ಇರೋದರಲ್ಲಿ ಸರಿಯಾಗಿ ಹಾಡೋದು ಕಲಿ ಮೊದಲು." ಮಕ್ಕಳು ಗೊಳ್ಳೆಂದು ನಕ್ಕರು. ಪಕ್ಕದಲ್ಲಿದ್ದವಳು, "ಲೇ, ರೆಗ್ಯುಲೇಟರ್ ತಂದು ಕೊಡ್ಲೇನೇ?" ಎಂದು ಕಿಚಾಯಿಸಿದಳು. ರಂಜಿತಾ ಕೈ ಇಳಿಸಿದಳು. ಆಮೇಲೆಂದೂ ಎತ್ತಲಿಲ್ಲ.

ಇದಕ್ಕಿಂತ ಹೆಚ್ಚು ನೋಯಿಸುವುದು ಇನ್ನೊಂದಿದೆ. ನನ್ನ ಗುರುಗಳು ಗಂಡಸರು. ಅವರ ಶ್ರುತಿ ಒಂದು ಮನೆ. ಹತ್ತು ವರ್ಷದ ನನ್ನನ್ನು ಎದುರಿಗೆ ಕೂರಿಸಿಕೊಂಡು, ತಂಬೂರಿಯನ್ನು ನನಗಾಗಿ ಐದಕ್ಕೆ ಬಿಗಿದು, ತಮ್ಮದಲ್ಲದ ಆ ಎತ್ತರದಲ್ಲಿ ಕಂಠ ಬಿರಿಯುವಂತೆ ಹಾಡಿ ತೋರಿಸುತ್ತಿದ್ದರು. ನಡುನಡುವೆ ಕೆಮ್ಮುತ್ತಿದ್ದರು. ಅವರಿಗೆ ಧ್ವನಿ ಕೆಟ್ಟಿದೆಯೆಂದು ನಾನು ಎಷ್ಟೋ ದಿನ ಭಾವಿಸಿದ್ದೆ. ಅವರ ಪಾದುಕೆಗೆ ದಿನವೂ ಹೂವೇರಿಸುತ್ತೇನೆ. ಅವರು ಮಾಡಿದ್ದನ್ನು ಮಾತ್ರ ಮಾಡಲಿಲ್ಲ.

ಹಿಂದಿರುಗುವಾಗ, ಕಾರಿನಲ್ಲಿ, "ತಪ್ಪು ನನ್ನದು ಮುನಿರಾಜು ಅವರೇ" ಎಂದೆ. ಬನಶಂಕರಿ ಸಿಗ್ನಲ್ಲಿನ ಬಳಿ ಕಾರು ನಿಂತಾಗ ಅವರು ಕೇಳಿದರು:

"ಒಂಬತ್ತು ವರ್ಷದಲ್ಲಿ ಒಂದ್ಸಲಾನೂ ಅವಳೊಬ್ಳನ್ನೇ ಹಾಡ್ಸಿ ಕೇಳಿಲ್ವಾ ಮೇಡಂ?"

ಇಲ್ಲವೆಂದು ಒಪ್ಪಿಕೊಂಡೆ.

"ಬೇಜಾರ್ ಮಾಡ್ಕೋಬೇಡಿ. ನಮ್ಮಂಗ್ಡೀಲಿ ಒಂದು ಕಬೋರ್ಡ್ ಬಾಗಿಲಿಗೆ ಶೀಟ್ ಕೊಡ್ಬೇಕಾದ್ರೂ, ನಿಮ್ಮನೆ ಅಳತೆ ತನ್ನಿ ಅಂತೀವಿ. ನಮ್ಮನೆ ಅಳತೇಲಿ ಕುಯ್ದು ಕೊಡಲ್ಲ."

ಮುಂದಿನ ವರ್ಷ ಮತ್ತೊಮ್ಮೆ ಆಡಿಷನ್ ಕೊಡಿಸಬಹುದಲ್ಲವೇ ಎಂದು ಕೇಳಿದೆ. "ಬಿ.ಕಾಂ. ಸೇರಿಸಿ ಆಯ್ತು ಮೇಡಂ. ಮಾತು ಅಂದ್ರೆ ಮಾತು. ಆದ್ರೆ ಹಾಡ್ಬೇಡ ಅಂತ ನಾನು ಯಾವತ್ತೂ ಅಂದಿಲ್ಲ. ಇಷ್ಟ ಇದ್ರೆ ಹಾಡ್ಕೊಳ್ಲಿ." ಮನೆ ಮುಂದೆ ಇಳಿಸುವಾಗ ಇನ್ನೊಂದು ಮಾತು ಸೇರಿಸಿದರು: "ಇದನ್ನ ಅವಳಿಗೆ ನೀವೇ ಹೇಳಿ. ನಾನ್ ಹೇಳಿದ್ರೆ ನಿಮ್ಮನ್ನ ಬೈದಂಗೆ ಆಗತ್ತೆ, ಅವಳು ನನ್ಮೇಲೇ ರೇಗ್ತಾಳೆ."

ಗುರುವಾರ ಅವಳೊಬ್ಬಳನ್ನೇ ಬರಹೇಳಿದೆ. ಪೆಟ್ಟಿಗೆಯನ್ನು ಐದೂವರೆಗೆ ಏರಿಸಿದೆ. ಅವಳು ಗಾಬರಿಯಿಂದ ನೋಡಿದಳು. ಮೋಹನ ರಾಗದ ವರ್ಣವನ್ನು ಇಬ್ಬರೂ ಆರಂಭಿಸಿದೆವು. ಎರಡನೆಯ ಸಾಲಿಗೆ ನನ್ನ ಧ್ವನಿ ಮೇಲೇರದೆ ಸಿಕ್ಕಿಕೊಂಡಿತು. ನಿಲ್ಲಿಸಿದೆ. ಅವಳೂ ನಿಲ್ಲಿಸಿದಳು.

"ನೀನ್ಯಾಕೆ ನಿಲ್ಲಿಸಿದೆ?"

"ನೀವು ನಿಲ್ಲಿಸಿದ್ರಲ್ಲ ಮಿಸ್."

"ನಾನು ಇನ್ನು ಬಾಯಿ ಬಿಡೋದಿಲ್ಲ. ನೀನೇ ಹಾಡು."

ಹಾಡಿದಳು. ತಾಳದ ಮೊದಲ ಎರಡು ಆವರ್ತ ಅಳುಕಿದಳು. ಆಮೇಲೆ ಧ್ವನಿ ತೆರೆಯಿತು. ಆ ಕೋಣೆಯಲ್ಲಿ ಒಂಬತ್ತು ವರ್ಷ ನನ್ನ ಪಕ್ಕದಲ್ಲೇ ಇದ್ದ ಧ್ವನಿ ಅದು. ಆ ದಿನ ಮೊದಲ ಬಾರಿಗೆ ಕೇಳಿದೆ. ತುಪ್ಪದ ದೀಪದ ಕುಡಿಯಂತೆ ನೆಟ್ಟಗೆ, ನಡುಗದೆ ನಿಂತಿತ್ತು. ನಾಗರತ್ನ ತಮ್ಮ ಕಿಟಕಿಯ ಬಳಿ ಬಂದು ನಿಂತಿದ್ದನ್ನು ಕಂಡೆ. ಹನ್ನೆರಡು ಹೆಸರುಗಳ ನಡುವೆ ಈ ಧ್ವನಿಗೆ ಜಾಗವಿರಲಿಲ್ಲವೇ? ಇತ್ತು. ಆ ಧ್ವನಿಯನ್ನು ಅಲ್ಲಿಗೆ ನಾನು ಕಳುಹಿಸಿರಲಿಲ್ಲ.

ಆಗಲೇ ಹೇಳಬೇಕಿತ್ತು. "ತಪ್ಪು ನನ್ನದು ಕಣಮ್ಮ, ಕ್ಷಮಿಸು." ತಂದೆಯೆದುರು ಬಂದ ಮಾತು ಮಗಳೆದುರು ಬರಲಿಲ್ಲ. ಗುರುವಾದವರು ಶಿಷ್ಯರ ಕ್ಷಮೆ ಕೇಳಿದ್ದನ್ನು ನಾನು ಎಲ್ಲಿಯೂ ಕಂಡಿಲ್ಲ. ಕೇಳುವ ಬಗೆಯನ್ನು ನನಗೆ ಯಾರೂ ಕಲಿಸಿಲ್ಲ. ಬದಲಿಗೆ ಬೇರೊಂದು ಮಾಡಿದೆ. ಅರೆಕೆರೆಯಲ್ಲಿ ಸುಮನಾ ಎಂಬ ನನ್ನ ಹಳೆಯ ಶಿಷ್ಯೆ ಪಾಠ ಹೇಳುತ್ತಾಳೆ. ಅವಳದೂ ಐದೂವರೆಯ ಕಂಠ. ಅವಳಿಗೆ ಫೋನ್ ಮಾಡಿ ಮೊದಲೇ ಒಪ್ಪಿಸಿದ್ದೆ.

"ಇನ್ನು ನನ್ನಿಂದ ನಿನಗೇನೂ ಆಗೋದಿಲ್ಲ. ಮುಂದಿನ ವಾರದಿಂದ ಅರೆಕೆರೆಗೆ, ಸುಮನಾ ಹತ್ರ ಹೋಗು" ಎಂದೆ.

"ನನ್ನ ಕಳಿಸಿಬಿಡ್ತಿದ್ದೀರಾ ಮಿಸ್?"

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

(ಈ ಮಾತು ಕೇಳಿ ಸಮಾಧಾನಗೊಂಡ ಮಗುವನ್ನು ಯಾರಾದರೂ ಕಂಡಿದ್ದೀರಾ?)

ಅವಳು ನನ್ನ ಕಾಲಿಗೆ ನಮಸ್ಕರಿಸಿದಳು. ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನಾನು ಮಹಾತ್ಯಾಗ ಮಾಡಿದವಳಂತೆ ದೇವರ ಮುಂದೆ ಹೋಗಿ ಕುಳಿತೆ.

ಮೂರು ವಾರಗಳಾದವು. ಮೊನ್ನೆ ಸುಮನಾ ಫೋನ್ ಮಾಡಿದಳು: "ಮಿಸ್, ನಿಮ್ಮ ಹುಡುಗಿ ಇನ್ನೂ ಬಂದೇ ಇಲ್ವಲ್ಲ?" ನನ್ನ ಪಾಠಕ್ಕೂ ಬಂದಿಲ್ಲ. ಮುನಿರಾಜು ಅವರಿಗೆ ಫೋನ್ ಮಾಡಿದೆ. "ಬಿ.ಕಾಂ. ಕ್ಲಾಸಿಗೆ ಹೋಗ್ತಾಳೆ, ಬರ್ತಾಳೆ, ಚೆನ್ನಾಗೇ ಇದಾಳೆ ಮೇಡಂ. ಹಾಡಿದ್ದು ಮಾತ್ರ ಕೇಳಿಲ್ಲ. ಅವರಮ್ಮ ಒಂದ್ಸಲ ದೇವರ ಮುಂದೆ ಹಾಡೇ ಅಂದಿದ್ದಕ್ಕೆ, ನಂಗೆ ಬರಲ್ಲ ಅಂದ್ಬಿಟ್ಳಂತೆ."

ಶಿಷ್ಯರ ಮನೆಗೆ ಗುರು ಹೋಗಿ ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಇಷ್ಟು ದಿನ ಪದ್ಧತಿಯನ್ನು ಕಾಪಾಡಿದೆ. ಒಂದು ಕಂಠವನ್ನು ಕಾಪಾಡಲಿಲ್ಲ. ನಾಳೆ ಬೆಳಿಗ್ಗೆ ಪೂಜೆ ಮುಗಿಸಿ ಜರಗನಹಳ್ಳಿಯ ಬಸ್ಸು ಹತ್ತುತ್ತೇನೆ. ಬಾಗಿಲು ತೆರೆದವಳಿಗೆ ಏನು ಹೇಳಬೇಕೆಂಬುದು ಈಗ ತಿಳಿದಿದೆ. ಮೂರು ವಾರ ತಡವಾಗಿ ಹೇಳಿದರೆ ಅದು ಅವಳಿಗೆ ಕೇಳಿಸೀತೇ ಎಂಬುದು ತಿಳಿಯದು.

ಕಾಲೇಜಿನವರು ಬೇಡವೆಂದಾಗ ಆ ಹುಡುಗಿ ನನ್ನ ಬಳಿಗೆ ಬಂದಳು. ನಾನೂ ಬೇಡವೆಂದೆನೆಂದು ತಿಳಿದವಳು ಇನ್ನು ಯಾರ ಬಳಿಗೆ ಹೋಗಬೇಕು?