ಕರಿ ಕುದುರೆಯ ಎಡ ಹಿಂಗಾಲಿನ ಲಾಳ

ನಮ್ಮ ಮನೆಗೆ ಹೊಸದಾಗಿ ಬಂದವರು ಚಹಾ ಮುಗಿಸುವುದರೊಳಗೆ ಕೇಳಿಯೇ ಕೇಳುತ್ತಾರೆ: "ಟೀಚರ್ರಿ, ಈ ಕುದುರಿ ಯಾಕ ಸಾಕೀರಿ? ಏನ್ ಉಪಯೋಗ?" ಹೀಗೆ ಕೇಳುವವರ ಅಂಗಳದಲ್ಲಿ ಮೈತುಂಬ ಹೊದಿಕೆ ಹೊದ್ದುಕೊಂಡು ಒಂದು ಕಾರು ನಿಂತಿರುತ್ತದೆ. ವರ್ಷಕ್ಕೆ ಎರಡು ಸಲ ದೇವರಿಗೆ ಹೋಗಿ ಬಂದರೆ ಅದರ ಕೆಲಸ ಮುಗಿಯಿತು. ಅದನ್ನು ಯಾಕೆ ಸಾಕಿದ್ದೀರಿ ಎಂದು ನಾನು ಇವತ್ತಿನವರೆಗೆ ಯಾರನ್ನೂ ಕೇಳಿಲ್ಲ. ಕೇಳಬೇಕಿತ್ತು ಎಂದು ಈಗೀಗ ಅನಿಸುತ್ತಿದೆ.

ನಾನು ಭಾಲ್ಕಿಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಹಲಬರ್ಗಾದ ದಾರಿಯಲ್ಲಿ ನಮ್ಮ ಹೊಲ, ಹೊಲದಲ್ಲೇ ಮನೆ, ಮನೆಯ ಹಿಂದೆ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಎರಡು ಕುದುರೆ. ಗಂಡು ಕೆಂಪು ಬಣ್ಣದ್ದು. ಬೀದರಿನಲ್ಲಿ ಟಾಂಗಾ ಎಳೆಯುತ್ತಿತ್ತು. ಅದರ ಮಾಲೀಕ ಟಾಂಗಾ ಬಿಟ್ಟು ಆಟೋ ಹಿಡಿದಾಗ ನಮ್ಮ ಮನೆಯವರು ಅದನ್ನು ಕರೆತಂದರು. ಹೆಣ್ಣು ಅಚ್ಚ ಕಪ್ಪು. ಡಾಬಕಾದಲ್ಲಿ ನನ್ನ ತವರುಮನೆಯ ಕೊಟ್ಟಿಗೆಯಲ್ಲಿ ಹುಟ್ಟಿದವಳು. ಮರಿಯಾಗಿದ್ದಾಗಲೇ ಅಪ್ಪ ನನಗೆ ಕೊಟ್ಟರು. ಹೆಸರಿಡುವ ಜಾಣತನ ನಮ್ಮಲ್ಲಿ ಯಾರಿಗೂ ಇಲ್ಲದ್ದರಿಂದ ಅವನು ಕೆಂಪ, ಇವಳು ಕರಿ.

ಬೆಳಿಗ್ಗೆ ನನ್ನ ಚಪ್ಪಲಿಯ ಸದ್ದು ಕೇಳಿದರೆ ಕರಿ ಮೂಗಿನಲ್ಲೇ ಸಣ್ಣಗೆ ದನಿ ಮಾಡುತ್ತಾಳೆ. ಕೆಂಪನಿಗೆ ಅಷ್ಟು ತಾಳ್ಮೆಯಿಲ್ಲ, ಬಕೆಟ್ಟಿಗೆ ಒದೆಯುತ್ತಾನೆ. ನೆನೆಸಿದ ಕಡಲೆ, ತೌಡು, ಜೋಳದ ಕಣಿಕೆ, ನೀರು. ಅವು ತಿನ್ನುವಾಗ ನಾನು ಲದ್ದಿ ನೋಡುತ್ತೇನೆ. ಮಕ್ಕಳ ನೋಟುಬುಕ್ಕನ್ನು ನಾನು ಅಷ್ಟು ಗಮನವಿಟ್ಟು ತಿದ್ದುವುದಿಲ್ಲ ಎಂದು ಮನೆಯವರು ನಗುತ್ತಾರೆ. ನಗಲಿ. ಕುದುರೆ ಲದ್ದಿ ಹಾಕಿಲ್ಲವೆಂದರೆ ಹೊಟ್ಟೆಶೂಲೆ ಬಂತೆಂದು ಅರ್ಥ, ಹೊಟ್ಟೆಶೂಲೆ ಬಂದರೆ ದೊಡ್ಡ ಪ್ರಾಣಿ ಒಂದೇ ದಿನದಲ್ಲಿ ಕೈಬಿಟ್ಟು ಹೋಗುತ್ತದೆ. ಲದ್ದಿ ಉಂಡೆಯುಂಡೆಯಾಗಿ ಬಿದ್ದಿರುವುದನ್ನು ನೋಡಿದ ಮೇಲೆಯೇ ನನಗೆ ಚಹಾ ರುಚಿಸುವುದು.

ಆಮೇಲೆ ಗೊರಸು. ನಮ್ಮದು ಎರೆಮಣ್ಣಿನ ಹೊಲ. ಮಳೆಗಾಲದಲ್ಲಿ ಗೊರಸಿನ ಒಳಗೆ ಮಣ್ಣು ಮೆತ್ತಿಕೊಂಡರೆ ಕೊಳೆಯುತ್ತದೆ, ಬೇಸಿಗೆಯಲ್ಲಿ ಕಲ್ಲು ಸಿಕ್ಕಿಕೊಳ್ಳುತ್ತದೆ. ಅದಕ್ಕೇ ದಿನಾ ನಾಲ್ಕೂ ಕಾಲು ಎತ್ತಿಸಿ ಕೊಕ್ಕೆಯಿಂದ ಕೆರೆದು ತೆಗೆಯಬೇಕು. ಕರಿ ಮರಿಯಾಗಿದ್ದಾಗ ಕಾಲು ಮುಟ್ಟಗೊಡುತ್ತಿರಲಿಲ್ಲ. ಒಂದು ವರ್ಷ, ದಿನಾ ಬೆಲ್ಲದ ಚೂರು ತೋರಿಸಿ, ಮೊಣಕಾಲ ಕೆಳಗೆ ಎರಡು ಸಲ ತಟ್ಟಿ "ಕಾಲ್ ಕೊಡು" ಎನ್ನುತ್ತಾ ಕಲಿಸಿದೆ. ಆಮೇಲಾಮೇಲೆ ಬೆಲ್ಲವೂ ಬೇಕಾಗಲಿಲ್ಲ. ತಟ್ಟಿದರೆ ಸಾಕು, ತಾನಾಗಿ ಕಾಲು ಮಡಚಿ ನನ್ನ ಅಂಗೈಯಲ್ಲಿ ಇಡುತ್ತಿದ್ದಳು. ಅಷ್ಟು ದೊಡ್ಡ ಪ್ರಾಣಿ ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ನಮ್ಮ ಕೈಗೆ ಕೊಡುವುದೆಂದರೆ ಏನೆಂದು, ಉಪಯೋಗ ಕೇಳುವವರಿಗೆ ನಾನು ಹೇಗೆ ತಿಳಿಸಲಿ? ಮನೆಗೆ ಬಂದವರ ಮುಂದೆಲ್ಲ ಇದನ್ನು ಮಾಡಿ ತೋರಿಸುತ್ತಿದ್ದೆ. ಹೆಮ್ಮೆಯಿತ್ತು ನನಗೆ.

ಲಾಳ ಬಡಿಯಲು ಔರಾದಿನಿಂದ ಒಬ್ಬ ಮುದುಕರು ಬರುತ್ತಾರೆ. ನಾವೆಲ್ಲ ಚಾಚಾ ಎನ್ನುತ್ತೇವೆ. ಕರಿಯ ಎಡ ಹಿಂಗಾಲಿನ ಗೊರಸು ಹುಟ್ಟಿನಿಂದಲೇ ಸ್ವಲ್ಪ ಹೊರಕ್ಕೆ ವಾಲಿದೆ. ಚಾಚಾ ಆ ಕಾಲಿಗೆಂದೇ ಲಾಳದ ಹೊರಬದಿಯನ್ನು ಅಗಲವಾಗಿ ಬಡಿದು ತರುತ್ತಾರೆ. ಅಂಥ ಲಾಳ ಈ ಜಿಲ್ಲೆಯಲ್ಲಿ ಇನ್ನೊಂದು ಇರಲಾರದು.

ಈಗ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಕರಿ ಕುದುರೆ ಮೆಟ್ಟಿ ತಿರುಗಿದ ಲಾಳವನ್ನು ಬಾಗಿಲ ಮೇಲೆ ಬಡಿದರೆ ಶನಿಕಾಟ ಹತ್ತಿರ ಸುಳಿಯುವುದಿಲ್ಲವಂತೆ. ಬೀದರಿನಿಂದ ಎಕಂಬಾದವರೆಗೆ ಇದನ್ನು ನಂಬದವರನ್ನು ನಾನು ಕಂಡಿಲ್ಲ. ಜಾತಿ ಬೇರೆ, ಮತ ಬೇರೆ, ಲಾಳ ಮಾತ್ರ ಎಲ್ಲರಿಗೂ ಬೇಕು. ಒಬ್ಬರಾದರೂ ಕುದುರೆಗೆ ಮೇವು ಹಾಕಿದಿರಾ ಎಂದು ಕೇಳಲಿಲ್ಲ. "ಟೀಚರ್ರಿ, ಒಂದ್ ಲಾಳ ಇದ್ರ ಕೊಡ್ರಿ" ಎಂದೇ ಎಲ್ಲರ ಮಾತು. ಇಲ್ಲವೆಂದರೆ ಮುಖ ಊದಿಸಿಕೊಳ್ಳುತ್ತಾರೆ. ಕರಿಯ ಲಾಳವನ್ನು ಚಾಚಾ ಬಿಚ್ಚಿ, ಗೊರಸು ಕತ್ತರಿಸಿ, ಅದನ್ನೇ ಮತ್ತೆ ಬಡಿಯುವುದರಿಂದ ಅದು ಪೂರ್ತಿ ಸವೆದು ನಮ್ಮ ಕೈಗೆ ಸಿಗುವುದೇ ಅಪರೂಪ. ಹೀಗಾಗಿ ನಾನೊಂದು ಉಪಾಯ ಮಾಡಿದೆ. ಕೆಂಪನ ಹಳೆಯ ಲಾಳಗಳು ಮೂಲೆಯಲ್ಲಿ ಬಿದ್ದಿದ್ದವು. ಕರಿಯದೇ ಎಂದು ಹೇಳಿ ಅವನ್ನೇ ಕೊಡತೊಡಗಿದೆ. ಶನಿಗೆ ಅಷ್ಟು ಬಣ್ಣ ತಿಳಿಯುವುದಿದ್ದರೆ ತಿಳಿದುಕೊಳ್ಳಲಿ ಎಂದುಕೊಂಡೆ. ಪಡೆದವರು ಸಂತೋಷಪಟ್ಟರು, ನನ್ನ ಕುದುರೆಗಳು ಸುಖವಾಗಿದ್ದವು. ವರ್ಷಗಟ್ಟಲೆ ನಡೆಯಿತು ಇದು.

ಹೋದ ವರ್ಷ ಮಗಳನ್ನು ಬೀದರಿಗೆ ಕೊಟ್ಟೆವು. ನಿಶ್ಚಯದ ದಿನವೇ ಅಳಿಯನ ತಂದೆ, ನಮ್ಮ ಬೀಗರು, ಕರಿಯ ಲಾಳ ಕೇಳಿದರು. ಅವರ ಮನೆಯ ಗೋಡೆಯ ತುಂಬ ಶರಣರ ಪಟಗಳು, ಕೊರಳಲ್ಲಿ ಲಿಂಗ, ಬಾಯಲ್ಲಿ ವಚನ. ಶನಿಗೆ ಮಾತ್ರ ಹೆದರಿಕೆ. ನಾನು ಕೆಂಪನದೊಂದನ್ನು ತೊಳೆದು, ಎಣ್ಣೆ ಸವರಿ ಕೊಟ್ಟೆ. ಅವರು ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡರು.

ಮದುವೆಯಾಗಿ ಕೆಲವು ತಿಂಗಳಿಗೆ ಒಂದು ಶನಿವಾರ ಬೀಗರು ಹೇಳದೆ ಕೇಳದೆ ಜೀಪಿನಲ್ಲಿ ಬಂದರು, ಜೊತೆಗೆ ಅವರ ಡ್ರೈವರ್. ಬೀಗರೆಂದ ಮೇಲೆ ಬರಿಹೊಟ್ಟೆಯಲ್ಲಿ ಕಳಿಸಲಾಗುತ್ತದೆಯೇ? ನಾನು ಒಳಗೆ ಹೂರಣ ಅರೆಯಲು ಕೂತೆ, ಮನೆಯವರು ಎಲೆ ತರಲು ಹೋದರು. "ನೀವ್ ಅಡಗಿ ಮಾಡ್ರಿ, ನಾವ್ ಜರಾ ಕುದುರಿ ನೋಡ್ಕೋತ ಇರ್ತೇವಿ" ಎಂದು ಬೀಗರು ಹಿತ್ತಲಿಗೆ ಹೋದರು. ಹೋಳಿಗೆ ಉಂಡರು, ತುಪ್ಪ ಇನ್ನೊಂದು ಸಲ ಹಾಕಿಸಿಕೊಂಡರು, ಸಂಜೆಯ ಮೊದಲೇ ಹೊರಟರು.

ಅವರು ಹೋದ ಮೇಲೆ ಕೊಟ್ಟಿಗೆಗೆ ಹೋದರೆ ಕರಿ ಎಡ ಹಿಂಗಾಲನ್ನು ನೆಲಕ್ಕೆ ಊರದೆ ನಿಂತಿದ್ದಳು. ಲಾಳವಿಲ್ಲ. ಗೊರಸಿನ ಹೊರ ಅಂಚು ಒಡೆದು ಕಿತ್ತುಬಂದಿದೆ, ರಕ್ತ ಒಸರುತ್ತಿದೆ. ಕಲ್ಲಿಗೆ ತಾಗಿ ಕಳಚಿರಬೇಕೆಂದು ನಾವಿಬ್ಬರೂ ಕೊಟ್ಟಿಗೆ, ಹಿತ್ತಲು, ಹೊಲದ ದಾರಿಯನ್ನೆಲ್ಲ ಹುಡುಕಿದೆವು. ಬೀಗರ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಮರುದಿನ ಔರಾದಿನಿಂದ ಚಾಚಾ ಬಂದರು, ಗೊರಸನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಬೇಟಿ, ಇದು ಬಿದ್ದದ್ದು ಅಲ್ಲ. ಕಿತ್ತಾರ. ಮೊಳಿ ತುದಿ ಸೀದಾ ಮಾಡದೇ ಕಿತ್ತಾರ. ಜೀಪಿನ ಟಾಯರ್ ಬಿಚ್ಚೂ ಸಬ್ಬಲ್ ಹಾಕಿ ಎಬ್ಬಿಸಿದಂಗ ಅದ, ನೋಡು."

ಲಾಳದ ಮೊಳೆಗಳು ಗೊರಸಿನ ಗೋಡೆಯನ್ನು ದಾಟಿ ಹೊರಬಂದಲ್ಲಿ ತುದಿ ಬಗ್ಗಿಸಿರುತ್ತಾರೆ. ಆ ತುದಿಯನ್ನು ಮೊದಲು ನೆಟ್ಟಗೆ ಮಾಡಿಕೊಳ್ಳದೆ ಲಾಳ ಎಳೆದರೆ ಗೊರಸೂ ಜೊತೆಗೆ ಬರುತ್ತದೆ. ಚಾಚಾ ಇದನ್ನು ಹೇಳುತ್ತಿದ್ದಾಗ ನನಗೆ ಬೇರೆಯೇ ಒಂದು ಹೊಳೆಯಿತು. ಕರಿ ಒದ್ದಿರಲಿಲ್ಲ. ಯಾರಿಗೂ ಗಾಯವಾಗಿರಲಿಲ್ಲ, ಒಂದು ಸದ್ದೂ ಕೇಳಿರಲಿಲ್ಲ. ಜೀಪಿನಲ್ಲಿ ಬಂದವರೇ ಮೊಣಕಾಲ ಕೆಳಗೆ ಎರಡು ಸಲ ತಟ್ಟಿದ್ದಾರೆ. ನಾನು ಕಲಿಸಿದ ಹಾಗೆ ಅವಳು ಕಾಲು ಎತ್ತಿ ಅವರ ಕೈಗೆ ಕೊಟ್ಟಿದ್ದಾಳೆ.

"ನಡೀತಾಳೇನ್ ಚಾಚಾ?" ಎಂದೆ.

"ಹೊಸಾ ಗೊರಸು ಬೆಳದು ಇಳಿದು ಬರ್ಬೇಕು. ಒಳಗ ಕೀವು ಆದ್ರ ಮಾತ್ರ ಕಷ್ಟ ಅದ ಬೇಟಿ. ಮ್ಯಾಲಿನವ ನೋಡ್ಕೋತಾನ."

ಮೇಲಿನವನನ್ನು ನಂಬಿ ಕೈಕಟ್ಟಿ ಕೂರಲು ನನ್ನಿಂದಾಗಲಿಲ್ಲ. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. ಬೆಳಿಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆ ಬಿಟ್ಟ ಮೇಲೆ, ಉಪ್ಪು ಹಾಕಿದ ಬಿಸಿನೀರಿನ ಬುಟ್ಟಿಯಲ್ಲಿ ಅವಳ ಕಾಲು ಇಡಿಸಬೇಕು, ಒರೆಸಬೇಕು, ಔಷಧ ಹಚ್ಚಬೇಕು, ಗೋಣಿತಾಟಿನ ಚೀಲ ಕಟ್ಟಬೇಕು. ಅವಳು ಕಾಲು ಎತ್ತುತ್ತಿರಲಿಲ್ಲ. ತಟ್ಟಿದರೆ ಮೈಯೆಲ್ಲ ನಡುಗಿಸಿ ಕಾಲನ್ನು ಇನ್ನೂ ಬಲವಾಗಿ ಊರುತ್ತಿದ್ದಳು, ನೋವಿದ್ದರೂ. ಮನೆಯವರು ಭುಜ ಕೊಟ್ಟು ನೂಕಿ ಎತ್ತಿಸಬೇಕಾಗುತ್ತಿತ್ತು. ಕೆಂಪ ಪಕ್ಕದಲ್ಲಿ ನಿಂತು ತನ್ನ ಕಣಿಕೆಯನ್ನೂ ಬಿಟ್ಟು ನೋಡುತ್ತಿದ್ದ.

ಎರಡು ತಿಂಗಳಾದ ಮೇಲೆ ಬೀಗರ ಹೊಸ ಮನೆಯ ಗೃಹಪ್ರವೇಶ. ಕಿತ್ತದ್ದನ್ನು ಕಣ್ಣಾರೆ ಕಂಡಿರಲಿಲ್ಲ, ಮಗಳ ಮನೆ ಬೇರೆ, ಹೋಗಲೇಬೇಕಿತ್ತು. ಬೀದರಿನಲ್ಲಿ ಎರಡಂತಸ್ತಿನ ಮನೆ, ಹೊಳೆಯುವ ಕಲ್ಲಿನ ಹಾಸು. ಹೊಸಿಲು ದಾಟುವಾಗ ತಲೆ ಎತ್ತಿ ನೋಡಿದೆ. ಬಾಗಿಲ ಚೌಕಟ್ಟಿನ ನಡುವೆ ಒಂದು ಲಾಳ. ಒಂದು ಬದಿ ಸಣ್ಣ, ಒಂದು ಬದಿ ಅಗಲ. ಚಾಚಾ ಕೈಯಿಂದ ಬಡಿದದ್ದು, ಅರಿಶಿನ ಕುಂಕುಮ ಹಚ್ಚಿಸಿಕೊಂಡು ನನ್ನ ತಲೆಯ ಮೇಲೆಯೇ ಇತ್ತು.

ಬೀಗರು ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದರು: "ಖರೇ ಕರಿ ಕುದುರಿದು ಅದ್ರಿ. ಶನಿವಾರದ ದಿನ ತೆಗದದ್ದು. ಬಜಾರದಾಗಿಂದು ಅಲ್ಲ."

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಮಗಳು ಸೆರಗು ಜಗ್ಗಿದಳು. ಅಡುಗೆಮನೆಯ ಹಿಂದೆ ಕರೆದುಕೊಂಡು ಹೋಗಿ ಅತ್ತಳು.

"ಅವ್ವಾ, ತಪ್ಪ್ ನಂದೇ ಅದ. ಒಂದಿನ ಊಟಕ್ಕ ಕೂತಾಗ ನಗಿಚಾಟಿಗಿ ಅಂದ್ಬಿಟ್ಟೆ. ನಮ್ಮವ್ವ ಎಲ್ಲಾರಿಗೂ ಕೆಂಪ ಕುದುರಿ ಲಾಳಾನೇ ಕೊಡ್ತಾಳ ಅಂತ. ಮಾವನೋರು ಆವತ್ತೇ ಆ ಲಾಳ ಹೊರಗ ಒಗದ್ರು. ಹಿಂಗ ಮಾಡ್ತಾರಂತ ನಂಗೇನ್ ಗೊತ್ತವ್ವಾ. ಇವತ್ತ ಏನೂ ಅನಬ್ಯಾಡ, ನಾ ಇಲ್ಲೇ ಬಾಳೇವು ಮಾಡ್ಬೇಕು."

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಆ ಊಟ ನನ್ನ ಮುಂದೆ ಬಡಿಸಿತ್ತು. ನಾನು ಸುಳ್ಳು ಹೇಳಿದ್ದಕ್ಕೆ ಕರಿಯ ಕಾಲು ಹರಿದಿತ್ತು. ಇಡೀ ಪಂಕ್ತಿಯಲ್ಲಿ ತಲೆ ತಗ್ಗಿಸಿ ಉಂಡೆ, ಉಡಿ ತುಂಬಿಸಿಕೊಂಡೆ, ಆ ಬಾಗಿಲ ಕೆಳಗಿನಿಂದಲೇ ಹೊರಗೆ ಬಂದೆ. ಬಸ್ಸಿನಲ್ಲಿ ಮನೆಯವರು "ಬಿಡು, ಮಗಳ ಮನಿ" ಎಂದರು. ಬಿಡಲು ನನ್ನಿಂದ ಆಗಲಿಲ್ಲ.

ಗೊರಸಿನಲ್ಲಿ ಕೀವು ಆಗಲಿಲ್ಲ. ಅದೊಂದು ನಮ್ಮ ಪುಣ್ಯ. ಮೆಲ್ಲಮೆಲ್ಲಗೆ ಅಂಚು ಬೆಳೆದು ಕೆಳಗಿಳಿಯಿತು, ಕರಿ ಹೊಲದ ಬದುವಿನವರೆಗೆ ಕುಂಟದೆ ನಡೆದಳು. ಮೊನ್ನೆ ಚಾಚಾ ಲಾಳ ಬಡಿಯಲು ಬಂದ ದಿನವೇ ಬೀಗರೂ ಮಗಳನ್ನು ಕರೆದುಕೊಂಡು ಬಂದರು. ಅವರ ಕಿರಿಯ ಮಗ ಔರಾದಿನಲ್ಲಿ ಅಂಗಡಿ ತೆರೆಯುತ್ತಿದ್ದಾನೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಬೀಗರು ನಕ್ಕರು.

"ಟೀಚರ್ರಿ, ಅಂಗಡಿಗೊಂದು ಬೇಕಾಗ್ಯದ. ಈ ಸಲ ಕರಿದೇ ಕೊಡ್ರಿ ಮತ್ತ."

ನಾನು ಮಗಳ ಕಡೆ ನೋಡಿದೆ. ಅವಳ ಎರಡು ಕೈಯೂ ಅವಳ ಸೆರಗಿನಲ್ಲೇ ಇದ್ದವು, ಈ ಸಲ ನನ್ನ ಸೆರಗನ್ನು ಜಗ್ಗಲಿಲ್ಲ.

"ಬೀಗರ, ನಾ ನಿಮಗ ಸುಳ್ಳ್ ಹೇಳಿದ್ದೆ. ಕೆಂಪನ ಲಾಳ ಕರಿದಂತ ಕೊಟ್ಟೆ. ಅದು ನನ್ ತಪ್ಪು, ಎಲ್ಲಾರ ಮುಂದ ಒಪ್ಕೋತೇನಿ. ನೀವು ಕಳ್ಳರಂಗ ಬಂದು ನನ್ ಕುದುರಿ ಕಾಲು ಹರದ್ರಿ. ಹರದು, ಒಳಗ ಬಂದು ನನ್ ಕೈಲಿ ಹೋಳಿಗಿ ಉಂಡ್ರಿ. ಅದು ನಿಮ್ಮ ತಪ್ಪು. ನೀವೂ ಒಪ್ಕೋರಿ."

ಬೀಗರ ಮುಖ ಕಪ್ಪಿಟ್ಟಿತು. "ಒಂದು ಕಬ್ಬಿಣದ ತುಂಡಿಗೆ ಇಷ್ಟ್ ಮಾತೇನ್ರಿ? ಡ್ರೈವರ್ ಜರಾ ಜೋರಾಗಿ ಎಳದಾನ, ಅಷ್ಟೇ" ಎಂದರು. ಚಹಾ ಕೂಡ ಕುಡಿಯದೆ ಜೀಪು ಹತ್ತಿದರು. ಮಗಳು ಅವರ ಹಿಂದೆ ಹೋಗಲಿಲ್ಲ, ನಾಲ್ಕು ದಿನ ಇದ್ದು ಬರುತ್ತೇನೆಂದು ಅಲ್ಲೇ ಹೇಳಿ ನಮ್ಮ ಮನೆಯಲ್ಲಿ ಉಳಿದಳು.

ಚಾಚಾ ಮೂರು ಕಾಲಿಗೆ ಲಾಳ ಬಡಿದರು. ನಾಲ್ಕನೆಯದನ್ನು ಕರಿ ಕೊಡಲಿಲ್ಲ. ಚಾಚಾ ಅವಳನ್ನು ಬೇಟಾ ಬೇಟಾ ಎಂದು ರಮಿಸಿದರು, ಬೆಲ್ಲ ಹಿಡಿದರು, ಅರ್ಧ ಗಂಟೆ ಕಾದರು. ಕಡೆಗೆ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡರು. "ಗೊರಸು ಬಂದದ ಬೇಟಿ, ಧೈರ್ಯ ಇನ್ನಾ ಬಂದಿಲ್ಲ."

ಮೂರನೆಯ ದಿನ ಬೀಗರ ಡ್ರೈವರ್ ಬಂದು ಹೊಸ ಬಟ್ಟೆಯ ಒಂದು ಗಂಟು ಕೊಟ್ಟ. ನನ್ನ ಮುಖ ನೋಡಲಿಲ್ಲ. ಒಳಗೆ ಕರಿಯ ಲಾಳವಿತ್ತು. ಒಂದು ಗಳಿಗೆ, ಬೀಗರಿಗೆ ನಾಚಿಕೆಯಾಗಿರಬೇಕು ಎಂದುಕೊಂಡೆ, ನನ್ನ ಸಿಟ್ಟು ಇಳಿಯಲೂ ಹೊರಟಿತ್ತು. ಆಗ ಅವನು ಹೇಳಿದ: "ಸಾಹುಕಾರ್ರು ಹೇಳ್ಯಾರ್ರಿ, ಒಬ್ಬರು ಶಾಪ ಹಾಕಿದ್ ಲಾಳ ಬಾಗಲಕ್ಕ ಇದ್ರ ಮನಿಗಿ ಛಲೋ ಅಲ್ಲಂತ್ರಿ."

ಗಂಟು ಬಿಚ್ಚಿ ತಿರುಗಿಸಿ ನೋಡಿದೆ. ಹೊರಬದಿಯ ಎರಡು ಹಳೆಯ ಮೊಳೆ ಲಾಳದಲ್ಲೇ ಉಳಿದಿದ್ದವು. ಅವುಗಳ ತುದಿಗೆ ಕರಿಯ ಗೊರಸಿನ ಒಂದು ಚೂರು ಇನ್ನೂ ಕಚ್ಚಿಕೊಂಡಿತ್ತು. ಅದರ ಮೇಲೂ ಅರಿಶಿನ ಕುಂಕುಮ ಹಚ್ಚಿದ್ದರು.

ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೊಟ್ಟಿಗೆಗೆ ಹೋದೆ. ಚಪ್ಪಲಿ ಸದ್ದಿಗೆ ಕರಿ ಎಂದಿನಂತೆ ಮೂಗಿನಲ್ಲಿ ದನಿ ಮಾಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಕಬ್ಬಿಣ ಅವಳಿಗೆ ಕಂಡಿತು. ಕಿವಿ ಹಿಂದಕ್ಕೆ ಮಡಚಿ, ಒಂದೊಂದೇ ಹೆಜ್ಜೆ ಹಿಂದೆ ಸರಿದು, ಗೋಡೆ ಸಿಗುವವರೆಗೆ ಸರಿದು, ಎಡ ಹಿಂಗಾಲನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು ನಿಂತಳು. ಬೀಗರನ್ನು ನೋಡಿ ಅಲ್ಲ, ನನ್ನನ್ನು ನೋಡಿ.